ಭಾವ ಕೊಟ್ಟ ರಕ್ತ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಶಾಲೆ ಮಕ್ಕಳ ಯೂನಿಫಾರಂ ಬಟ್ಟೆ ಕತ್ತರಿಸುವವಳಿಗೆ ಕೋಪ ಇನ್ನೆಲ್ಲಿರಬೇಕು? ಬಟ್ಟೆಯನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಡೀ ಅಟ್ಟಿಯನ್ನು ಒಂದೇ ಸಲಕ್ಕೆ ಕತ್ತರಿಸುತ್ತೇವೆ. ಕೈ ಒಂದೆಳೆ ಜಾರಿತೋ, ಒಂದು ತರಗತಿಯ ಮಕ್ಕಳ ಕಾಲರ್ ಎಲ್ಲ ಸೊಟ್ಟ. ಅಂಗಡಿಯ ಹೊಲಿಗೆಯವರು ಬೆನ್ನ ಹಿಂದೆ ನನ್ನನ್ನು ‘ಕತ್ತರಿ’ ಅನ್ನುತ್ತಾರೆ. ಗೊತ್ತಿದೆ, ಬೇಜಾರೇನಿಲ್ಲ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ, ನನ್ನ ತಮ್ಮ. ಮಾತು ನಿಲ್ಲಿಸದ ತಮ್ಮನನ್ನು ಎಲ್ಲರೂ ರೇಡಿಯೋ ಎಂದು ಕರೆಯುವುದು. ಲಿಫ್ಟ್ ರಿಪೇರಿ ಅವನ ಕೆಲಸ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಹೆದರಿ ಕೂಗಾಡುವವರಿಗೆ ಬಾಗಿಲ ಸಂದಿಯಿಂದಲೇ ತಮಾಷೆ ಹೇಳಿ ನಗಿಸುತ್ತಾ ಕೆಳಗಿಳಿಸುತ್ತಿದ್ದ. ಅಪ್ಪ ಅಮ್ಮ ಬೇಗ ಹೋದರು, ಇವನನ್ನು ಸಾಕಿದ್ದು ನಾನು. ಅದಕ್ಕೇ ನನ್ನ ಮದುವೆ ತಡವಾಯಿತು. ತಡವಾದರೂ ಒಳ್ಳೆಯ ಮನುಷ್ಯನೇ ಸಿಕ್ಕ ಎಂದು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುವವರೆಲ್ಲ ಹೇಳಿದರು. ಇವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಮಾತು ಕಡಿಮೆ, ಊಟ ಕಡಿಮೆ, ಕೋಪವಂತೂ ಇಲ್ಲವೇ ಇಲ್ಲ. ಮದುವೆಗೆ ಮುಂಚೆ ಬಹಳ ವರ್ಷ ದೂರದ ಒಂದು ಪಟ್ಟಣದಲ್ಲಿ ಒಬ್ಬರೇ ಇದ್ದು ದುಡಿದು ಬಂದವರು. ನಾನು ಬೈದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂರುತ್ತಿದ್ದರು. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ನನ್ನ ಕೋಪ ಇಳಿದಿರುತ್ತಿತ್ತು.

ರೇಡಿಯೋಗೆ ಮೊದಲು ಬಂದದ್ದು ಸರ್ಪಸುತ್ತು. ಪಕ್ಕೆಯ ಸುತ್ತ ಬೊಬ್ಬೆ ಎದ್ದು, ಅಂಗಿ ತಾಗಿದರೂ ಕಿರುಚುತ್ತಿದ್ದ. ಅದು ಒಣಗುವಷ್ಟರಲ್ಲಿ ಬಾಯೊಳಗೆ ಬಿಳಿ ಅಗ್ರದ ಹುಣ್ಣು, ನಿಲ್ಲದ ಭೇದಿ. ಪ್ಯಾಂಟಿನ ಸೊಂಟವನ್ನು ಮೂರು ಸಲ ಕಿರಿದು ಮಾಡಿಕೊಟ್ಟೆ. ಕಾಲು ಕಾಲಾಗಿ ಉಳಿದಿರಲಿಲ್ಲ, ಕೋಲಾಗಿತ್ತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದು, ಎಚ್‌ಐವಿ ಎಂದರು. ಅಯ್ಯೋ ದೇವರೇ, ಆ ದಿನ ನಾನು ಅವನಿಗೆ ಬೈದದ್ದು ಅಷ್ಟಿಷ್ಟಲ್ಲ. ಬೈದು ಬೈದು ಗಂಟಲು ಕಟ್ಟಿದ ಮೇಲೆ ಅಳು ಬಂತು. ನಮ್ಮವರೇ ಎದ್ದು ಇಬ್ಬರಿಗೂ ನೀರು ತಂದುಕೊಟ್ಟರು.

ಡಾಕ್ಟರಮ್ಮ ಒಳ್ಳೆಯವರು. ನಮ್ಮ ಮೂವರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಎರಡು ಗೆರೆ ಎಳೆದರು. ಒಂದು ವೈರಸ್ಸಿನದು, ಇನ್ನೊಂದು ಮೈ ಕಾಯುವ ಕಣಗಳದು. ಆ ಕಣಗಳಿಗೆ ಸಿಡಿ ಫೋರ್ ಎನ್ನುತ್ತಾರಂತೆ.

“ಸೋಂಕು ತಗುಲಿದ ಎರಡು ಮೂರು ವಾರಕ್ಕೆ ಬಹಳ ಜನಕ್ಕೆ ಒಂದು ಜ್ವರ ಬರುತ್ತೆ. ಗಂಟಲು ನೋವು, ಮೈಮೇಲೆ ಕೆಂಪು ಗುಳ್ಳೆ, ಕುತ್ತಿಗೆಯಲ್ಲಿ ಗಂಟು. ಫ್ಲೂ ಅಂದ್ಕೊಂಡು ಸುಮ್ಮನಾಗ್ತಾರೆ. ಆಗ ವೈರಸ್ಸು ಒಮ್ಮೆಗೇ ಮೇಲಕ್ಕೆ ಹಾರಿರುತ್ತೆ.” ಅವರ ಪೆನ್ನು ಕಾಗದದ ಅಂಚಿನವರೆಗೂ ಏರಿ ಇಳಿಯಿತು. “ಆಮೇಲೆ ಮೈ ಅದನ್ನ ಒಂದು ಮಟ್ಟಕ್ಕೆ ಅದುಮಿ ಹಿಡಿಯುತ್ತೆ. ವರ್ಷಗಟ್ಟಲೆ ಏನೂ ಗೊತ್ತಾಗಲ್ಲ. ಊಟ, ನಿದ್ದೆ, ಕೆಲಸ ಎಲ್ಲ ಮಾಮೂಲು. ಒಳಗೊಳಗೇ ಈ ಕಾಯೋ ಕಣಗಳು ಕರಗ್ತಾ ಬರುತ್ವೆ. ಇನ್ನೂರಕ್ಕಿಂತ ಕೆಳಗೆ ಹೋದ್ರೆ ಮನೆಗೆ ಬಾಗಿಲೇ ಇಲ್ಲ ಅಂತ ಲೆಕ್ಕ. ಕ್ಷಯ, ನ್ಯುಮೋನಿಯಾ, ಯಾರು ಬೇಕಾದ್ರೂ ನುಗ್ಗಬಹುದು.”

ರೇಡಿಯೋನ ಎಣಿಕೆ ನೂರ ಮೂವತ್ತೋ ಎಷ್ಟೋ ಇತ್ತು. ಮಾತ್ರೆ ಶುರುವಾಯಿತು. ದಿನಾ ಮಲಗುವ ಮುಂಚೆ ಒಂದು, ಜೀವ ಇರುವವರೆಗೂ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆಯ ಹೆಸರು ವೈರಲ್ ಲೋಡ್. ಅದರಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ ಗೆದ್ದಂತೆ. ಆಗ ಆ ಮನುಷ್ಯನಿಂದ ಹೆಂಡತಿಗೋ ಗಂಡನಿಗೋ ಕೂಡ ಅಂಟುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಾತ್ರೆ ಬಿಟ್ಟರೆ ಮಾತ್ರ ಅದು ಮತ್ತೆ ತಲೆ ಎತ್ತುತ್ತದೆ, ಕೆಲವೊಮ್ಮೆ ಆ ಮಾತ್ರೆಗೇ ಬಗ್ಗದಂತಾಗುತ್ತದೆ. ನಮ್ಮವರು ಎಲ್ಲವನ್ನೂ ಕೇಳಿಸಿಕೊಂಡರು. ಬರುವಾಗ ಆ ಗೆರೆ ಎಳೆದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ತಮ್ಮನ ಮೇಲೆ ಎಷ್ಟು ಕಾಳಜಿ ನೋಡು ಎಂದು ನನಗೆ ಮನಸ್ಸು ತುಂಬಿ ಬಂತು.

ವರ್ಷ ಕಳೆಯುವುದರೊಳಗೆ ರೇಡಿಯೋ ಮತ್ತೆ ರೇಡಿಯೋ ಆದ. ವೈರಸ್ ಪತ್ತೆಯಾಗಿಲ್ಲ, ಎಣಿಕೆ ನಾನೂರು ದಾಟಿತು. ಪ್ಯಾಂಟಿನ ಸೊಂಟ ಬಿಚ್ಚಿಕೊಟ್ಟೆ. ಹಾಗೆ ಬಿಚ್ಚುವ ಕೆಲಸ ಅಷ್ಟು ಖುಷಿ ಕೊಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆ ಕ್ಲಿನಿಕ್ಕಿನಲ್ಲಿ ಒಂದು ಕ್ರಮವಿದೆ. ಯಾರ ಹೆಸರನ್ನೂ ಕೂಗುವುದಿಲ್ಲ. ಹೊರಗೆ ಕೂತವರಲ್ಲಿ ಪಕ್ಕದ ಮನೆಯವರಿರಬಹುದು, ಕೆಲಸದ ಜಾಗದವರಿರಬಹುದು, ಹಾಗಾಗಿ ಟೋಕನ್ ನಂಬರ್ ಮಾತ್ರ. ಬರುವವರೂ ಅಷ್ಟೇ, ಅರ್ಧ ಮುಖಕ್ಕೆ ಮಾಸ್ಕು, ಹಣೆಯವರೆಗೆ ಟೋಪಿ. ಸಾಲು ಕುರ್ಚಿಗಳಲ್ಲಿ ಎಲ್ಲರೂ ನೆಲ ನೋಡುತ್ತಾ ಕೂತಿರುತ್ತಾರೆ. ನಂಬರ್ ಕೂಗಿದರೆ ಎದ್ದು ಹೋಗಿ ಪರದೆಯ ಹಿಂದೆ ತೋಳು ಚಾಚಬೇಕು. ರಕ್ತ ತೆಗೆಯುವ ನರ್ಸಮ್ಮನಿಗೆ ಮುಖ ನೋಡಲು ಪುರುಸೊತ್ತಿಲ್ಲ. ನರ ಸಿಕ್ಕಿತೇ, ಮುಗಿಯಿತು. ಜನರ ಮಾನ ಕಾಯಲು ಮಾಡಿದ ಏರ್ಪಾಡು, ತಪ್ಪು ಹೇಳುವಂತಿಲ್ಲ.

ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ನನಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆ ಸಲದ ಪರೀಕ್ಷೆ ಅದೇ ಹೊತ್ತಿಗೆ ಬಿತ್ತು. “ನೀನು ಅಂಗಡಿ ನೋಡ್ಕೋ, ನಾನು ಅವನ ಜೊತೆ ಹೋಗ್ತೀನಿ” ಎಂದರು ನಮ್ಮವರು. ಹೋದರು. ಅಲ್ಲಿ ನಡೆದದ್ದು ನನಗೆ ಗೊತ್ತಾಗಲು ತಿಂಗಳುಗಳೇ ಹಿಡಿದವು. ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ. ವಿಷಯ ಮುಚ್ಚಿಟ್ಟು ಆಟ ಆಡಿಸುವುದನ್ನು ನಾನು ಸಾಕಷ್ಟು ನೋಡಿದ್ದೇನೆ, ನನಗೇ ಆ ಬುದ್ಧಿ ಬೇಡ.

ರೇಡಿಯೋ ಮಾತ್ರೆ ಬಿಟ್ಟಿದ್ದ. ಮಾತ್ರೆ ನುಂಗಿದರೆ ಕೆಟ್ಟ ಕನಸು ಬೀಳುತ್ತಿತ್ತಂತೆ, ಲಿಫ್ಟು ತಂತಿ ಹರಿದುಕೊಂಡು ಕೆಳಗಿಳಿಯುತ್ತಲೇ ಇರುವುದು, ನೆಲ ಬರುವುದೇ ಇಲ್ಲ. ಮೈ ಚೆನ್ನಾಗಿದೆಯಲ್ಲ ಎಂದು ಒಂದು ದಿನ ಬಿಟ್ಟ, ನಿದ್ದೆ ಬಂತು, ಹಾಗೇ ಬಿಡುತ್ತಾ ಹೋದ. ಡಬ್ಬಿ ಖಾಲಿಯಾಗುವಂತೆ ಬಚ್ಚಲಿಗೆ ಸುರಿದ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಾಗ ಅವನಿಗೆ ಹೆದರಿಕೆ ಶುರುವಾಯಿತಂತೆ. ರಕ್ತ ಕೊಟ್ಟರೆ ಎಲ್ಲ ಬಯಲಾಗುತ್ತದೆ, ಅಕ್ಕ ಜೀವಸಹಿತ ಬಿಡುವುದಿಲ್ಲ.

“ಭಾವ, ಇವತ್ತು ಬೇಡ, ವಾಪಸ್ ಹೋಗೋಣ. ಹೊಟ್ಟೆನೋವು ಅಂತ ಹೇಳೋಣ” ಎಂದನಂತೆ.

ನಮ್ಮವರು ಮೆಲ್ಲಗೆ, “ಟೋಕನ್ ಇಲ್ಲಿ ಕೊಡು. ನನ್ನ ತೋಳು ಇದೆಯಲ್ಲ” ಎಂದರಂತೆ.

“ಅಯ್ಯೋ ಭಾವ, ಗೊತ್ತಾದ್ರೆ?”

“ಯಾರಿಗೆ ಗೊತ್ತಾಗುತ್ತೆ? ಈ ಸಲ ತಪ್ಪಿಸ್ಕೋ. ನಾಳೆಯಿಂದ ಸರಿಯಾಗಿ ನುಂಗು.”

ನಂಬರ್ ಕೂಗಿದರು. ಇವರು ಎದ್ದು ಹೋಗಿ, ತೋಳು ಚಾಚಿ, ಹತ್ತಿ ಒತ್ತಿ ಹಿಡಿದುಕೊಂಡು ಬಂದರು. ರೇಡಿಯೋ ಅವರ ಕಾಲಿಗೆ ಬೀಳುವುದೊಂದು ಬಾಕಿ. ಇಂಥ ಭಾವ ಯಾರಿಗೆ ಸಿಗುತ್ತಾರೆ ಎಂದು ದಾರಿಯುದ್ದಕ್ಕೂ ಹಾಡಿ ಹೊಗಳಿದನಂತೆ.

ರಿಪೋರ್ಟ್ ಬಂದ ದಿನ ನಾನೂ ಹೋಗಿದ್ದೆ. ಡಾಕ್ಟರಮ್ಮನ ಮುಖ ಸಪ್ಪಗಿತ್ತು. “ಏನಪ್ಪಾ ಇದು? ವೈರಸ್ಸು ಎಂಬತ್ತು ಸಾವಿರ ದಾಟಿದೆ. ಕಾಯೋ ಕಣ ಇನ್ನೂರ ಹತ್ತಕ್ಕೆ ಬಂದಿದೆ. ಇಷ್ಟು ಬೇಗ ಇಷ್ಟು ಕೆಳಗೆ ಹೇಗೆ ಇಳೀತು?”

ನಾನು ಅಲ್ಲೇ ಶುರು ಮಾಡಿದೆ. “ಲೋ ಪಾಪಿ, ನುಂಗ್ತೀನಿ ನುಂಗ್ತೀನಿ ಅಂತ ನನ್ನ ಕಿವಿ ಮೇಲೆ ಹೂ ಇಟ್ಟೆಯಲ್ಲೋ! ಸಾಯ್ಬೇಕು ಅಂತ ಇದ್ರೆ ಹೇಳು, ಆ ಲಿಫ್ಟಿನ ಗುಂಡಿಗೆ ನಾನೇ ತಳ್ತೀನಿ!” ರೇಡಿಯೋ ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಭಾವನನ್ನು ನೋಡುತ್ತಿದ್ದ. ನಮ್ಮವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು.

ಮೂರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು, ಮತ್ತೆ ಪರೀಕ್ಷೆ ಮಾಡುತ್ತೇವೆ, ಆಗಲೂ ಹೀಗೇ ಬಂದರೆ ಔಷಧಿ ಬದಲಿಸಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಮನೆಗೆ ಬಂದ ಮೇಲೆ ನಾನು ಅಡುಗೆಮನೆ ಸೇರಿದೆ. ಆಗ ಮೆಟ್ಟಿಲ ಮೇಲೆ ಅವರಿಬ್ಬರೇ ನಿಂತಿದ್ದರು. ಅಲ್ಲಿ ಆಡಿದ ಮಾತನ್ನೂ ಕೇಳಿ.

“ಭಾವ, ಅದು ನನ್ನ ರಕ್ತ ಅಲ್ಲ.”

“ಗೊತ್ತು.”

“ಹಂಗಾದ್ರೆ ನಿಮಗೆ...”

“ಮಿಷನ್ ತಪ್ಪು ಮಾಡಿರಬಹುದು. ನಾನು ಬೇರೆ ಕಡೆ ಪರೀಕ್ಷೆ ಮಾಡಿಸ್ತೀನಿ. ಅಕ್ಕನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ. ಬಿಟ್ರೆ ನೀನು ಮಾತ್ರೆ ಬಚ್ಚಲಿಗೆ ಹಾಕಿ ನನ್ನ ಕೈಗೆ ಟೋಕನ್ ಕೊಟ್ಟಿದ್ದೂ ಹೇಳ್ಬೇಕಾಗುತ್ತೆ.”

ಕೊನೆಯ ಆ ಮಾತನ್ನೂ ಅವರು ಮೆಲ್ಲಗೇ ಹೇಳಿದರಂತೆ. ರೇಡಿಯೋ ಬಾಯಿಗೆ ಬೀಗ ಹಾಕಿಕೊಂಡ. ಭಾವ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದ. ಕಾದದ್ದಕ್ಕೆ ಅವನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ನನಗೆ ಕಂಡದ್ದಿಷ್ಟು. ತಮ್ಮ ಮಾತು ನಿಲ್ಲಿಸಿದ. ಬೈಸಿಕೊಂಡದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡೆ. ದಿನಾ ಮಲಗುವ ಮುಂಚೆ ಅವನ ಎದುರು ನಿಂತು, ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನಾಲಿಗೆಯ ಅಡಿಯಲ್ಲೂ ನೋಡುತ್ತಿದ್ದೆ. ನಮ್ಮವರು ಪಕ್ಕದಲ್ಲೇ ಕೂತು ಅದನ್ನು ನೋಡುತ್ತಿದ್ದರು. ಒಂದು ಸಲ, “ಒಂದು ದಿನಕ್ಕೆ ಒಂದೇ ಮಾತ್ರೆ ಸಾಕಾ ಇದಕ್ಕೆ?” ಎಂದು ಕೇಳಿದರು. “ಸಾಕು ಅಂತೆ, ಇವನು ನುಂಗಿದ್ರೆ” ಎಂದೆ ನಾನು.

ಅದೇ ದಿನಗಳಲ್ಲಿ ಇವರು ಹಾಲ್‌ನಲ್ಲಿ ಮಲಗಲು ಶುರು ಮಾಡಿದರು. ಬೆನ್ನು ನೋವು, ಗಟ್ಟಿ ನೆಲ ಬೇಕು ಎಂದರು. ಒಂದು ವಾರ ಸುಮ್ಮನಿದ್ದೆ. ಎರಡು ವಾರ. ನನಗೆ ವಯಸ್ಸು ಹೋಗುತ್ತಿತ್ತು. ಮಗು ಬೇಕು ಎನ್ನುವ ಆಸೆಯನ್ನು ಇಷ್ಟು ವರ್ಷ ತಮ್ಮನನ್ನು ಸಾಕುವುದರಲ್ಲೇ ತಳ್ಳಿಕೊಂಡು ಬಂದಿದ್ದೆ. ಇನ್ನೂ ತಳ್ಳಲು ಜಾಗವಿರಲಿಲ್ಲ. ಒಂದು ಸಂಜೆ ಅವರ ಹಾಸಿಗೆಯನ್ನು ಸುತ್ತಿ ಕಂಕುಳಲ್ಲಿ ಹೊತ್ತುಕೊಂಡು ಕೋಣೆಗೆ ತಂದು ಎಸೆದೆ.

“ರೀ, ಗಂಡ ಹಾಲ್‌ನಲ್ಲಿ, ಹೆಂಡತಿ ಕೋಣೇಲಿ, ಮಗು ಏನು ಆಕಾಶದಿಂದ ಉದುರುತ್ತಾ?”

ಅವರು ಬಾಗಿಲಲ್ಲೇ ನಿಂತರು. ಬೆನ್ನು ಎಂದರು. “ಬೆನ್ನಿಗೆ ಎಣ್ಣೆ ಹಚ್ಚಿ ಉಜ್ತೀನಿ ಬನ್ನಿ” ಎಂದು ನಕ್ಕೆ. ಏನೋ ಹೇಳುವವರ ಹಾಗೆ ಬಾಯಿ ತೆರೆದರು. ಆಮೇಲೆ ಒಳಗೆ ಬಂದರು. ನಾಚಿಕೆ ಎಂದುಕೊಂಡೆ ನಾನು. ಹೌದು, ನಾನೇ ಕರೆದೆ. ಗಂಡನನ್ನು ಹೆಂಡತಿ ಕರೆಯುವುದು ಅಪರಾಧವೇನಲ್ಲ.

ಮೂರು ತಿಂಗಳಾದ ಮೇಲೆ ತಮ್ಮನ ಪರೀಕ್ಷೆಗೆ ಅಂಗಡಿಗೆ ರಜೆ ಹಾಕಿ ನಾನೇ ಹೋದೆ. ಪರದೆಯ ಈಚೆ ನಿಂತು, ಸೂಜಿ ಅವನ ತೋಳಿಗೇ ಹೋದದ್ದನ್ನು ನೋಡಿದೆ. ರಿಪೋರ್ಟ್ ಬಂತು. ವೈರಸ್ ಪತ್ತೆಯಾಗಿಲ್ಲ. ಎಣಿಕೆ ಐನೂರರ ಹತ್ತಿರ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಹಳೆಯ ರಿಪೋರ್ಟನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. “ವೈರಸ್ಸು ಇಳಿಯೋದು ಸರಿ. ಕಣ ಮೂರು ತಿಂಗಳಲ್ಲಿ ಇಷ್ಟೊಂದು ಏರೋದು ನಾನು ನೋಡಿಲ್ಲ” ಎಂದರು. ನಾನು ಬೀಗಿದೆ. “ನನ್ನ ಬಾಯಿ ಮಾತ್ರೆಗಿಂತ ಜೋರು ಡಾಕ್ಟ್ರೇ” ಎಂದೆ. ಅವರೂ ನಕ್ಕರು. ರೇಡಿಯೋ ನಗಲಿಲ್ಲ. ಬರುವ ದಾರಿಯಲ್ಲಿ ನಾನು ಸಿಹಿ ಕೊಂಡೆ. ಮನೆಯಲ್ಲಿ ನಮ್ಮವರು ಒಂದು ತುಂಡು ಬಾಯಿಗಿಟ್ಟುಕೊಂಡು, ಒಳ್ಳೆಯದಾಯಿತು ಎಂದರು. ಆ ದಿನ ತಮ್ಮ ಭಾವನ ಹಿಂದೆ ಹಿಂದೆಯೇ ಸುತ್ತುತ್ತಿದ್ದ. ಇವರು ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲು, ಬಾಲ್ಕನಿಗೆ ಹೋದರೆ ಬಾಲ್ಕನಿ. ಏನೋ ಗಂಡಸರ ಗುಟ್ಟು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅದಾದ ಮೇಲೆ ನನಗೆ ಜ್ವರ ಬಂತು.

ಮೊದಲು ಗಂಟಲು. ನುಂಗಿದರೆ ಮುಳ್ಳು. ಅಂಗಡಿಯಲ್ಲಿ ಕತ್ತರಿ ಹಿಡಿದ ಕೈ ಭಾರವಾಗಿ, ಮೇಜಿಗೆ ಒರಗಿ ನಿಂತುಬಿಟ್ಟೆ. ನನ್ನನ್ನು ಹಾಗೆ ಕಂಡು ಹೊಲಿಗೆಯವರೆಲ್ಲ ಮಿಷನ್ ನಿಲ್ಲಿಸಿದರು. ಮನೆಗೆ ಬಂದು ಮಲಗಿದವಳು ಏಳಲಾಗಲಿಲ್ಲ. ಮೈಯೆಲ್ಲ ಜಜ್ಜಿ ಹಾಕಿದಂತೆ ನೋವು. ಎದೆಯ ಮೇಲೆ, ಬೆನ್ನಿನ ಮೇಲೆ ಕೆಂಪು ಗುಳ್ಳೆ. ಕುತ್ತಿಗೆ ಮುಟ್ಟಿಕೊಂಡರೆ ಗಂಟು ಗಂಟು. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹೇಳಿದ್ದನ್ನು ನಾನೂ ಕೇಳಿದ್ದೆ, ಆದರೆ ಅದು ತಮ್ಮನ ಕಾಯಿಲೆಯ ಮಾತು. ನನ್ನ ಮೈಗೂ ಅದಕ್ಕೂ ಏನು ಸಂಬಂಧ? ಇವರು ಅಂಗಡಿಗೆ ಹೋಗದೆ ನನ್ನ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದರು. ಬಿಸಿಯಾದ ಕೂಡಲೇ ತೆಗೆದು, ಹಿಂಡಿ, ಮತ್ತೆ ಹಾಕುತ್ತಿದ್ದರು. ಗಂಜಿ ಕುಡಿಸಿದರು. ಡಾಕ್ಟರ ಹತ್ತಿರ ಹೋಗೋಣ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ. ಫ್ಲೂ, ಎಲ್ಲ ಕಡೆ ಇದೆ ಎಂದರು.

ರೇಡಿಯೋ ಬಾಗಿಲ ಹತ್ತಿರ ಬಂದು ನಿಂತು ನನ್ನ ಕುತ್ತಿಗೆಗೂ ಹಬ್ಬಿದ್ದ ಗುಳ್ಳೆಗಳನ್ನೇ ನೋಡಿದ. ಅವನ ಮುಖದ ಬಣ್ಣ ಇಳಿದುಹೋಯಿತು. ಮರುದಿನ ಮಧ್ಯಾಹ್ನ ಇವರು ಗಾಜಿನ ಕೆಲಸವಿದೆ ಎಂದು ಹೊರಟದ್ದೇ ತಡ, ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ.

“ಅಕ್ಕ, ನನ್ನನ್ನ ಹೊಡಿ. ಆದ್ರೆ ಪೂರ್ತಿ ಕೇಳಿ ಆಮೇಲೆ ಹೊಡಿ.”

ಹೇಳಿದ. ಟೋಕನ್, ತೋಳು, ಮೆಟ್ಟಿಲ ಮೇಲಿನ ಮಾತು, ಎಲ್ಲವನ್ನೂ. “ದಿನಾ ಕೇಳ್ದೆ ಅಕ್ಕ. ಹೇಳಿದ್ರಾ ಭಾವ, ಹೇಳಿದ್ರಾ ಭಾವ ಅಂತ. ಹೇಳ್ತೀನಿ ಅಂತಿದ್ರು. ನೀವಿಬ್ಬರೂ ಬೇರೆ ಬೇರೆ ಮಲಗ್ತಿದ್ದೀರ ಅಂದ್ಕೊಂಡಿದ್ದೆ. ಆಮೇಲೆ ಹಾಸಿಗೆ ಒಳಗೆ ಹೋಯ್ತು. ನಿನ್ನ ಬಾಯಿಗೆ ಹೆದರಿ ಸುಮ್ಮನಿದ್ದೆ ಅಕ್ಕ.”

“ನನ್ನ ಬಾಯಿಗೆ ಹೆದರಿದೆ. ನನ್ನ ಸಾವಿಗೆ ಹೆದರಲಿಲ್ಲ” ಎಂದೆ. ಹೊಡೆಯಬೇಕು ಎಂದು ಕೈ ಎತ್ತಿದೆ. ಎತ್ತಿದ ಕೈ ಅವನ ತಲೆಯ ಮೇಲೇ ಬಿತ್ತು, ಹೊಡೆಯಲು ಬಲವಿರಲಿಲ್ಲ. ನನಗೆ ಭಯವಾಯಿತು. ನಲವತ್ತು ಮುಟ್ಟುವವರೆಗೆ ಇಂಥ ಭಯ ನನಗೆ ಆಗಿರಲಿಲ್ಲ.

ಅವನೇ ನನ್ನನ್ನು ತೋಳಿನ ಮೇಲೆ ಒರಗಿಸಿಕೊಂಡು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಟೋಕನ್ನಿನ ವಿಷಯವನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದ. ಡಾಕ್ಟರಮ್ಮ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಯ ಮೇಲೆ ಹಾಕಿದರು. ಕಾದೆವು. ಒಂದು ಗೆರೆ ಚೆನ್ನಾಗಿ ಬಂತು. ಸೋಂಕಿದ್ದರೆ ಮಾತ್ರ ಬರುವ ಎರಡನೆಯ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಅವರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನ ಗಂಟಲು ನೋಡಿ, ಎದೆಯ ಗುಳ್ಳೆ ನೋಡಿ, ದೊಡ್ಡ ಸಿರಿಂಜಿನಲ್ಲಿ ಮತ್ತೆ ರಕ್ತ ತೆಗೆಸಿದರು. ರಿಪೋರ್ಟ್ ಬರುವವರೆಗೂ ಕಾಯಲಿಲ್ಲ, ಮಾತ್ರೆಯನ್ನು ಅವತ್ತೇ ಕೊಟ್ಟರು. ನಾನು ಮನೆಗೆ ಬಂದು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜೀವಮಾನದಲ್ಲಿ ಅದೇ ಮೊದಲು. ಫ್ಲೂ ಅಂತೆ ಎಂದು ಇವರಿಗೆ ಹೇಳಿದೆ. ಹೌದಾ ಎಂದರು.

ರಿಪೋರ್ಟ್ ಬಂದಾಗ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಹತ್ತಿರಕ್ಕೆ ಬಂದು ಕೂತರು. “ವೈರಸ್ಸು ಲಕ್ಷಗಟ್ಟಲೆ ಇದೆ. ಮೈ ಇನ್ನೂ ಅದನ್ನ ಗುರುತು ಹಿಡಿಯೋಕೆ ಶುರು ಮಾಡ್ತಿದೆ ಅಷ್ಟೇ, ಅದಕ್ಕೇ ಆ ಗೆರೆ ಅಷ್ಟು ತೆಳು. ಇದು ಹೊಸದಮ್ಮ. ತುಂಬಾ ಹೊಸದು. ಕೆಲವು ವಾರಗಳ ಮಾತು.”

“ಮದುವೆಯಾಗಿ ವರ್ಷಗಳಾಯ್ತಲ್ಲ ಡಾಕ್ಟ್ರೇ?”

“ಕೆಲವು ಜೋಡಿಗಳಲ್ಲಿ ವರ್ಷಗಟ್ಟಲೆ ಅಂಟಲ್ಲ. ಅದೃಷ್ಟ ಅಷ್ಟೇ. ನೀವು ಇಲ್ಲಿವರೆಗೂ ತಪ್ಪಿಸಿಕೊಂಡಿದ್ರಿ.”

ಇಲ್ಲಿವರೆಗೂ. ಆಮೇಲಿನ ಮಾತು ನನ್ನ ಕಿವಿಗೆ ಬೀಳಲಿಲ್ಲ. ಎಂಬತ್ತು ಸಾವಿರದ ರಿಪೋರ್ಟು ಬಂದಾಗ ಬಾಗಿಲ ಬಳಿ ನಿಂತವರು ಕಣ್ಣ ಮುಂದೆ ಬಂದರು. ಅವತ್ತು ನನ್ನ ರಕ್ತ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಮೆಲ್ಲಗೆ ಮಾತಾಡಿದಾಗಲೂ ಚೆನ್ನಾಗಿತ್ತು. ಹಾಸಿಗೆ ಸುತ್ತಿ ತಂದ ಸಂಜೆಯೂ ಚೆನ್ನಾಗಿತ್ತು. ನಾನು ಹಾಳಾದದ್ದು ಅವರಿಗೆ ಗೊತ್ತಾದ ಮೇಲೆ. ಗೊತ್ತಿದ್ದೂ.

ಇವರನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗಬೇಕಾಗಲಿಲ್ಲ. ಅಂಗಡಿಗೆ ಹೋಗಿ ಎದುರು ನಿಂತೆ. ಗಾಜಿನ ಧೂಳು ಮೆತ್ತಿದ ಕೈಯನ್ನು ಒರೆಸಿಕೊಂಡು, ಅಂಗಿಯ ತೋಳು ಇಳಿಸಿಕೊಂಡು ಹಿಂದೆಯೇ ಬಂದರು. ಏಕೆ ಎಂದು ಕೇಳಲಿಲ್ಲ. ಅವರ ಎಣಿಕೆ ನೂರ ಅರವತ್ತಕ್ಕೆ ಇಳಿದಿತ್ತು. ಹಳೆಯದು, ಮದುವೆಗಿಂತ ಹಳೆಯದು ಎಂದರು ಡಾಕ್ಟರಮ್ಮ.

ಮನೆಗೆ ಬಂದು ಊಟದ ಮೇಜಿನ ಎರಡು ಬದಿಗೆ ಕೂತೆವು. ಹಾಲ್‌ನ ಆ ಕಡೆ ತಮ್ಮ ಗೋಡೆಗೆ ಒರಗಿ ನಿಂತಿದ್ದ. ನಾನು ಕೂಗಲಿಲ್ಲ. ಕೂಗಿದ್ದರೆ ಇವರಿಗೆ ಸುಲಭವಾಗುತ್ತಿತ್ತು.

“ಅವನು ಕೇಳಲಿಲ್ಲವಂತೆ. ತೋಳು ಕೊಡ್ತೀನಿ ಅಂತ ನೀವೇ ಅಂದ್ರಂತೆ. ಯಾಕೆ?”

“ನನಗೂ ತಿಳ್ಕೋಬೇಕಿತ್ತು.” ದನಿ ಎಂದಿನಷ್ಟೇ ಮೆತ್ತಗಿತ್ತು. “ಆ ಪಟ್ಟಣದಲ್ಲಿದ್ದಾಗಿನಿಂದ ಅನುಮಾನ ಇತ್ತು. ನನ್ನ ಹೆಸರು ಹಾಕಿಸಿ ಕೊಡೋಕೆ ಧೈರ್ಯ ಬರಲಿಲ್ಲ. ಅವನ ನಂಬರಿನಲ್ಲಿ ಕೊಟ್ರೆ ಯಾರಿಗೂ ಗೊತ್ತಾಗಲ್ಲ, ನನಗೆ ಮಾತ್ರ ಗೊತ್ತಾಗುತ್ತೆ ಅಂದ್ಕೊಂಡೆ.”

ಗೋಡೆಯ ಬಳಿಯಿಂದ ರೇಡಿಯೋ ಒಂದು ಕೆಟ್ಟ ಬೈಗುಳ ಬೈದ. ನಾನು ಕೈ ಎತ್ತಿ ತಡೆದೆ.

“ಗೊತ್ತಾಯ್ತಲ್ಲ. ಹಾಸಿಗೆ ತಂದು ಹಾಕಿದ ದಿನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ರೀ?”

“ಹೇಳೋಣ ಅಂತಾನೇ ಬಂದೆ. ನೀನು ನಗ್ತಿದ್ದೆ.” ಕನ್ನಡಕ ತೆಗೆಯಲು ಕೈ ಎತ್ತಿದರು. “ಹಾಕ್ಕೊಂಡೇ ಇರಿ, ನನ್ನನ್ನ ನೋಡ್ಕೊಂಡು ಮಾತಾಡಿ” ಎಂದೆ. ಕೈ ಇಳಿಸಿದರು. “ನೀನು ಬಿಟ್ಟು ಹೋಗ್ತೀಯ ಅಂತ ಭಯ ಆಯ್ತು.”

“ನನಗೆ ಜ್ವರ ಬಂತಲ್ಲ. ಕೂತ್ಕೊಂಡು ಹಣೆಗೆ ಬಟ್ಟೆ ಹಾಕಿದ್ರಲ್ಲ. ಅದು ಯಾವ ಜ್ವರ ಅಂತ ಗೊತ್ತಿತ್ತಾ?”

ಅವರು ಕನ್ನಡಕ ತೆಗೆಯದೆ ನನ್ನನ್ನೇ ನೋಡಿದರು.

“ಗೊತ್ತಿತ್ತು” ಎಂದರು.

ಇವರನ್ನು ಹೊರಗೆ ಹಾಕು ಅಕ್ಕ ಎಂದು ತಮ್ಮ ಅವತ್ತಿನಿಂದ ಹೇಳುತ್ತಲೇ ಇದ್ದಾನೆ. ನಾನು ಹಾಕಿಲ್ಲ. ಹೊರಗೆ ಹೋದರೆ ಇವರು ಮಾತ್ರೆ ನುಂಗುವುದಿಲ್ಲ, ನನಗೆ ಗೊತ್ತು. ಎಲ್ಲೋ ಒಂದು ಬಾಡಿಗೆ ಕೋಣೆಯಲ್ಲಿ ಮೆಲ್ಲಗೆ ಸಾಯುತ್ತಾರೆ. ಪಾಪ, ಎಷ್ಟು ಒಳ್ಳೆಯ ಮನುಷ್ಯ ಎಂದು ನಾಲ್ಕು ಜನ ಹೇಳುತ್ತಾರೆ. ಅಷ್ಟು ಸುಲಭಕ್ಕೆ ನಾನು ಬಿಡುವುದಿಲ್ಲ. ದಿನಾ ನನ್ನೆದುರಿಗೆ ಕೂರಿಸಿ, ನುಂಗಿಸಿ, ಬಾಯಿ ತೆರೆಸಿ ನೋಡುತ್ತೇನೆ. ಅವರು ಹಾಲ್‌ನಲ್ಲಿ ಮಲಗುತ್ತಾರೆ, ನಾನು ಕೋಣೆಯಲ್ಲಿ. ಪರೀಕ್ಷೆಯ ದಿನ ಒಟ್ಟಿಗೆ ಹೋಗುತ್ತೇವೆ, ಅವರ ತೋಳು ಅವರೇ ಚಾಚುತ್ತಾರೆ, ನಾನು ನಿಂತು ನೋಡುತ್ತೇನೆ. ನನ್ನ ವೈರಸ್ ಈಗ ಪತ್ತೆಯಾಗುತ್ತಿಲ್ಲ. ಅವರದೂ ಇಳಿದಿದೆ, ಎಣಿಕೆ ನಿಧಾನವಾಗಿ ಏರುತ್ತಿದೆ. ಇಬ್ಬರ ರಿಪೋರ್ಟನ್ನೂ ನೋಡಿ ಡಾಕ್ಟರಮ್ಮನಿಗೆ ತುಂಬಾ ಖುಷಿ. ಹೋದ ಸಲ ನನ್ನ ಭುಜ ತಟ್ಟಿ, “ಹೀಗೇ ಒಂದು ದಿನವೂ ತಪ್ಪಿಸಬೇಡಿ, ಇಬ್ಬರೂ ಜೊತೆಯಾಗಿ ಮುದುಕರಾಗೋವರೆಗೂ ಬದುಕ್ತೀರಿ” ಎಂದರು. ಪಾಪ, ಅವರು ಅದನ್ನು ಸಮಾಧಾನಕ್ಕೆ ಹೇಳಿದ್ದು.